ಒಂದೇ ಐನೂರು, ಮೂರು ಬಗೆ: ಎಂ340ಐ, ಎಸ್5, ಸಿ43 ನಂದಿಯ ಘಾಟಿಯಲ್ಲಿ

ಬಿಎಂಡಬ್ಲ್ಯು ಎಂ340ಐ, ಆಡಿ ಎಸ್5 ಸ್ಪೋರ್ಟ್‌ಬ್ಯಾಕ್ ಮತ್ತು ಮರ್ಸಿಡಿಸ್-ಎಎಂಜಿ ಸಿ43, ಈ ಮೂರು ಕಾರುಗಳ ವಿವರಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಂಜಿನ್ನಿನ ಗಾತ್ರ, ಅಶ್ವಶಕ್ತಿ, ಬೆಲೆ ಇವೆಲ್ಲ ಬೇರೆ ಬೇರೆಯಾಗಿದ್ದರೂ ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಮಾತ್ರ ಮೂರರಲ್ಲಿಯೂ ಒಂದೇ, 500 ನ್ಯೂಟನ್ ಮೀಟರ್. ನಿಂತಲ್ಲಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಕಂಪನಿಗಳು ಹೇಳುವ ಸಮಯ ಕ್ರಮವಾಗಿ 4.4, 4.8 ಮತ್ತು 4.6 ಸೆಕೆಂಡ್. ಗೆಳೆಯರ ನಡುವಿನ ವಾದವೆಲ್ಲ ಸಾಮಾನ್ಯವಾಗಿ ಈ ಅರ್ಧ ಸೆಕೆಂಡಿಗೂ ಕಡಿಮೆಯ ಅಂತರದ ಸುತ್ತಲೇ ಸುತ್ತುತ್ತದೆ. ಚಿಕ್ಕಬಳ್ಳಾಪುರದ ಸುತ್ತಮುತ್ತ ಮೂರನ್ನೂ ಓಡಿಸಿದ ಮೇಲೆ ನನಗೆ ಆ ವಾದದಲ್ಲಿ ಆಸಕ್ತಿ ಉಳಿದಿಲ್ಲ. ಆ 500 ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ತಿರುಗಿದಾಗ, ಅಂದರೆ ಯಾವ ಆರ್‌ಪಿಎಂನಲ್ಲಿ ಕೈಗೆ ಸಿಗುತ್ತದೆ, ಎಲ್ಲಿಯವರೆಗೆ ಜೊತೆಗಿರುತ್ತದೆ ಎನ್ನುವುದೇ ಈ ಕಾರುಗಳ ಸ್ವಭಾವವನ್ನು ನಿರ್ಧರಿಸುತ್ತದೆ.

ಹೂವು ಮತ್ತು ದ್ರಾಕ್ಷಿಯ ವ್ಯಾಪಾರದಲ್ಲಿರುವ ನಮ್ಮ ಭಾವನವರು ಇಂಥ ಒಂದು ಕಾರು ಕೊಳ್ಳಬೇಕೆಂದು ನಿರ್ಧರಿಸಿದ್ದರಿಂದ ಈ ಅವಕಾಶ ಒದಗಿತು. ಪರಿಚಯಸ್ಥರ ಬಳಿ ಇದ್ದ ಮೂರು ಕಾರುಗಳನ್ನು ವಾರದ ದಿನಗಳಲ್ಲಿ, ಬೆಟ್ಟದಲ್ಲಿ ಜನಸಂದಣಿ ಇಲ್ಲದ ಹೊತ್ತು ನೋಡಿ ಓಡಿಸಿದೆವು. ಪಟ್ಟಣದ ಬಿ.ಬಿ. ರಸ್ತೆ, ಪೇರೇಸಂದ್ರ ದಾಟಿ ಬಾಗೇಪಲ್ಲಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 44, ಮಂಚೇನಹಳ್ಳಿಯ ಮೇಲೆ ಹಾದುಹೋಗುವ ಗೌರಿಬಿದನೂರು ರಸ್ತೆ ಮತ್ತು ನಂದಿಬೆಟ್ಟದ ಘಾಟಿ ನಮ್ಮ ಪರೀಕ್ಷೆಯ ದಾರಿಗಳು. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿರುವ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಈ ಮೂರೂ ಕಾರುಗಳ ವೇಗಕ್ಕೆ 250 ಕಿ.ಮೀ.ಗೆ ಎಲೆಕ್ಟ್ರಾನಿಕ್ ಕಡಿವಾಣ ಹಾಕಲಾಗಿದೆ. ಅಲ್ಲಿಗೆ, ಕಾರಿನ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆಯಲ್ಲಿಯೇ ಅದರ ಗುಣಾವಗುಣಗಳನ್ನು ಅಳೆಯಬೇಕಾಗುತ್ತದೆ, ಮತ್ತು ಅಳೆಯಲು ಸಾಧ್ಯವೂ ಇದೆ.

ಮೊದಲು ಎಂಜಿನ್ನುಗಳ ಮಾತು, ಏಕೆಂದರೆ ಈ ಹೋಲಿಕೆಯ ತಿರುಳು ಅಲ್ಲಿಯೇ ಇದೆ. ಆಡಿಯಲ್ಲಿರುವುದು 2,995 ಸಿಸಿಯ ವಿ6. ಇದರ ಟರ್ಬೊವನ್ನು (ಹೊರಬೀಳುವ ಅನಿಲದ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಎಂಜಿನ್ನಿನ ಬದಿಗೆ ತಗುಲಿಸದೆ, 'ವಿ' ಆಕಾರದ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿಯೇ ಕೂರಿಸಿದ್ದಾರೆ. ಹೊರಬೀಳುವ ಬಿಸಿ ಅನಿಲ ದೂರ ಸಾಗಬೇಕಾಗಿಲ್ಲವಾದ್ದರಿಂದ ಟರ್ಬೊ ಬೇಗ ತಿರುಗತೊಡಗುತ್ತದೆ. ಪೂರ್ತಿ 500 ನ್ಯೂಟನ್ ಮೀಟರ್ 1,370 ಆರ್‌ಪಿಎಂನಲ್ಲಿಯೇ ಲಭ್ಯವಾಗಿ 4,500ರವರೆಗೆ ಉಳಿಯುತ್ತದೆ. ಬಿಎಂಡಬ್ಲ್ಯುವಿನ 2,998 ಸಿಸಿ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿವೆ. ಈ ಜೋಡಣೆಯಲ್ಲಿ ಪಿಸ್ಟನ್ನುಗಳ ಏರಿಳಿತದಿಂದ ಹುಟ್ಟುವ ಬಲಗಳು ಒಂದನ್ನೊಂದು ಸರಿದೂಗಿಸಿಬಿಡುವುದರಿಂದ ನಡುಕ ಎನ್ನುವುದು ಸ್ವಭಾವತಃ ಬಹಳ ಕಡಿಮೆ. ಇಲ್ಲಿ ಟಾರ್ಕ್ 1,900ಕ್ಕೆ ತುಂಬಿಕೊಂಡು 5,000ದವರೆಗೆ ಇರುತ್ತದೆ, ಆಮೇಲೂ 374 ಅಶ್ವಶಕ್ತಿ 6,500ರವರೆಗೆ ಎಳೆಯುತ್ತಲೇ ಹೋಗುತ್ತದೆ. ಆಡಿಯ ಅಶ್ವಶಕ್ತಿ 354.

ಸಿ43 ಮಾತ್ರ ಬೇರೆಯದೇ ಜಾತಿ. ಹಿಂದಿನ ತಲೆಮಾರಿನ ಸಿ43ರಲ್ಲಿದ್ದ ವಿ6 ಎಂಜಿನ್ನನ್ನು ಕೈಬಿಟ್ಟು, 1,991 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನಿನಿಂದ 408 ಅಶ್ವಶಕ್ತಿ ತೆಗೆದಿದ್ದಾರೆ. ಇಷ್ಟು ಸಣ್ಣ ಎಂಜಿನ್ನಿಗೆ ಅಷ್ಟು ಶಕ್ತಿ ಬೇಕೆಂದರೆ ದೊಡ್ಡ ಟರ್ಬೊ ಹಾಕಬೇಕು, ದೊಡ್ಡ ಟರ್ಬೊ ಹಾಕಿದರೆ ಕಾಲು ಒತ್ತಿದ ಮೇಲೆ ಕಾಯುತ್ತ ಕೂರಬೇಕು. ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ಟರ್ಬೊದ ಶಾಫ್ಟಿನ ಮೇಲೆ, ಅದರೊಳಗಿನ ಎರಡು ಚಕ್ರಗಳ ನಡುವೆ, ಸುಮಾರು 4 ಸೆಂಟಿಮೀಟರ್ ದಪ್ಪದ ಒಂದು ವಿದ್ಯುತ್ ಮೋಟಾರನ್ನು ಕೂರಿಸಿದ್ದಾರೆ. 48 ವೋಲ್ಟಿನ ವ್ಯವಸ್ಥೆಯಿಂದ ನಡೆಯುವ ಈ ಮೋಟಾರು, ಹೊಗೆಯ ಒತ್ತಡ ಸಾಲುವ ಮೊದಲೇ ಶಾಫ್ಟನ್ನು ತಿರುಗಿಸಿ ಗಾಳಿಯನ್ನು ಒಳಗೆ ನೂಕಲು ಶುರುಮಾಡುತ್ತದೆ. ನಿಮಿಷಕ್ಕೆ 1,75,000 ಸುತ್ತಿನವರೆಗೆ ತಿರುಗಬಲ್ಲ ಈ ಟರ್ಬೊದ ತಂತ್ರ ಫಾರ್ಮುಲಾ ಒನ್ ಕಾರುಗಳಿಂದ ಇಳಿದುಬಂದದ್ದು. ಇಷ್ಟಾದರೂ ಪೂರ್ತಿ 500 ಸಿಗುವುದು 5,000 ಆರ್‌ಪಿಎಂನಲ್ಲಿ, ಗರಿಷ್ಠ ಶಕ್ತಿ ಸಿಗುವುದು 6,750ರಲ್ಲಿ. ಮೋಟಾರು ತಡವನ್ನು ಅಳಿಸುತ್ತದೆಯೇ ಹೊರತು ಸಣ್ಣ ಎಂಜಿನ್ನಿನ ಸ್ವಭಾವವನ್ನು ಅಳಿಸುವುದಿಲ್ಲ.

ನಂದಿಯ ಘಾಟಿಯಲ್ಲಿ ಈ ಅಂಕಿಗಳು ಕಾಲಿನಡಿ ಅನುಭವಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ರಸ್ತೆ ಅಗಲವಿಲ್ಲ, ತಿರುವುಗಳು ಕಡಿದು, ಎದುರಿನಿಂದ ಸಾರಿಗೆ ಬಸ್ಸು ಬರುತ್ತಿರಬಹುದು, ಬೈಕಿನ ಹುಡುಗರಂತೂ ಬಂದೇ ಬರುತ್ತಾರೆ. ಕಡಿದಾದ ತಿರುವನ್ನು ಎರಡನೆಯ ಗೇರಿನಲ್ಲಿ ನಿಧಾನವಾಗಿ ಸುತ್ತಿ ಹೊರಬರುವ ಹೊತ್ತಿಗೆ ಎಂಜಿನ್ ಎರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ಆಡಿ ಆ ಗಳಿಗೆಯಲ್ಲಿ ಗೇರು ಬದಲಿಸುವ ಗೋಜಿಗೇ ಹೋಗದೆ ಎದೆಯುಬ್ಬಿಸಿಕೊಂಡು ಹತ್ತುತ್ತದೆ. ಪಕ್ಕದಲ್ಲಿ ಕುಳಿತ ಭಾವನವರು “ಏನಪ್ಪಾ, ಏರು ಅನ್ನೋದೇ ಗೊತ್ತಾಗ್ತಿಲ್ವಲ್ಲ” ಎಂದದ್ದು ಈ ಕಾರಿನಲ್ಲಿ. ಬಿಎಂಡಬ್ಲ್ಯು ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆದು, ಬಳಿಕ ಎಲ್ಲಿಯೂ ಗಂಟಿಲ್ಲದಂತೆ, ಶಿಡ್ಲಘಟ್ಟದ ರಾಟೆಯಲ್ಲಿ ಗೂಡಿನಿಂದ ರೇಷ್ಮೆಯ ಎಳೆ ಬಿಚ್ಚಿಕೊಳ್ಳುವ ಹಾಗೆ ಒಂದೇ ಸಮನೆ ವೇಗ ಹಿಡಿಯುತ್ತದೆ. ಮರ್ಸಿಡಿಸ್ ಕೂಡಲೇ ಸ್ಪಂದಿಸುತ್ತದೆ ನಿಜ, ಆದರೆ ಅದರ ನಿಜವಾದ ಬಿರುಸು ನೋಡಬೇಕಾದರೆ ಸ್ಟಿಯರಿಂಗಿನ ಹಿಂದಿನ ಪ್ಯಾಡಲ್ ಎಳೆದು ಗೇರು ಇಳಿಸಿ ಸೂಜಿಯನ್ನು ಐದು ಸಾವಿರ ದಾಟಿಸಬೇಕು. ಮುಂದಿನ ತಿರುವು ನೂರು ಗಜ ದೂರದಲ್ಲಿರುವಾಗ ಆ ಕೆಲಸ ಮಾಡುವುದು ವಿವೇಕವಲ್ಲ, ಮತ್ತು ನಾನು ಮಾಡಲಿಲ್ಲ.

ತಿರುವಿನೊಳಗೆ ಹೊಕ್ಕುವ ವಿಷಯಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಆಡಿಯ ಎಂಜಿನ್ನಿನ ಬಹುಭಾಗ ಮುಂದಿನ ಆ್ಯಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡಿದೆ. ನಾಲ್ಕೂ ಚಕ್ರಗಳನ್ನು ನಡೆಸುವ ಕ್ವಾಟ್ರೊ ವ್ಯವಸ್ಥೆ ಶಕ್ತಿಯನ್ನು ಸಾಮಾನ್ಯವಾಗಿ ಶೇ 40 ಮುಂದಕ್ಕೆ, ಶೇ 60 ಹಿಂದಕ್ಕೆ ಹಂಚುತ್ತದಾದರೂ, ವೇಗ ಸ್ವಲ್ಪ ಹೆಚ್ಚಾಗಿ ತಿರುವು ಹೊಕ್ಕರೆ ಮೂತಿ ಹೊರಗಿನ ಅಂಚಿನತ್ತ ವಾಲುವುದು ಗೊತ್ತಾಗುತ್ತದೆ. ಸಿ43ರ ಹಿಂದಿನ ಚಕ್ರಗಳು ಗರಿಷ್ಠ 2.5 ಡಿಗ್ರಿಯವರೆಗೆ ತಾವೂ ತಿರುಗುತ್ತವೆ, 100 ಕಿ.ಮೀ. ವೇಗದವರೆಗೆ ಮುಂದಿನ ಚಕ್ರಗಳಿಗೆ ವಿರುದ್ಧ ದಿಕ್ಕಿನಲ್ಲಿ, ಅದರಾಚೆಗೆ ಅದೇ ದಿಕ್ಕಿನಲ್ಲಿ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ಎರಡೂವರೆ ಡಿಗ್ರಿಯಿಂದ ಕಾರು ತನ್ನ ಉದ್ದವನ್ನೇ ಮರೆತಂತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಶಕ್ತಿಯ ಹಂಚಿಕೆಯಲ್ಲಿಯೂ ಅದು ಶೇ 31 ಮುಂದಕ್ಕೆ, ಶೇ 69 ಹಿಂದಕ್ಕೆ ಕೊಡುತ್ತದೆ. ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ಸುತ್ತುವ ಶ್ರಮ ಅತಿ ಕಡಿಮೆ ಎನಿಸಿದ್ದು ಇದರಲ್ಲಿ. ಎಂ340ಐಗೆ ಅಂಥ ಯಾವ ಚಮತ್ಕಾರವೂ ಇಲ್ಲ. ಎಂಜಿನ್ನನ್ನು ಸಾಕಷ್ಟು ಹಿಂದಕ್ಕೆ ಸರಿಸಿ ಕೂರಿಸಿ ಭಾರವನ್ನು ಮುಂದೆ ಹಿಂದೆ ಹೆಚ್ಚುಕಮ್ಮಿ ಸಮನಾಗಿ ಹಂಚಿರುವುದು, ಮತ್ತು ಹಿಂದಿನ ಆ್ಯಕ್ಸಲ್‌ನಲ್ಲಿ ಎಡ ಬಲ ಚಕ್ರಗಳಿಗೆ ಬಲ ಹಂಚುವ ಎಂ ಸ್ಪೋರ್ಟ್ ಡಿಫರೆನ್ಷಿಯಲ್ ಇಟ್ಟಿರುವುದು, ಇಷ್ಟೇ ಅದರ ಬಂಡವಾಳ. ಮೊದಲ ತಿರುವಿನಲ್ಲಿ ಸಿ43 ಮೆಚ್ಚುಗೆ ಗಳಿಸಿದರೂ ಘಾಟಿ ಮುಗಿಯುವಷ್ಟರಲ್ಲಿ ನನ್ನ ವಿಶ್ವಾಸ ಗಳಿಸಿದ್ದು ಬಿಎಂಡಬ್ಲ್ಯು. ಎಷ್ಟು ತಿರುಗಿಸಿದರೆ ಎಷ್ಟು ತಿರುಗುತ್ತದೆ ಎಂಬ ಅಂದಾಜು ಅದರಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಹೆದ್ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೇರೇಸಂದ್ರದ ಆಚೆ ನೂರರ ವೇಗದಲ್ಲಿ ಮೂರೂ ನಿದ್ದೆ ಬರಿಸುವಷ್ಟು ಶಾಂತವಾಗಿರುತ್ತವೆ. ಸದ್ದಿನ ವಿಷಯದಲ್ಲಿ ಮಾತ್ರ, ಆರು ಸಿಲಿಂಡರಿನ ಎಂಜಿನ್ನುಗಳ ಸಹಜ ದನಿಯ ಮುಂದೆ ಸಿ43 ಸ್ಪೀಕರುಗಳ ನೆರವು ಪಡೆದು ಕೇಳಿಸುವ ಗುಡುಗು ಎಷ್ಟೇ ಚೆನ್ನಾಗಿದ್ದರೂ ಎರವಲಿನದೇ.

ಆವಲಗುರ್ಕಿಯ ಆದಿಯೋಗಿಯನ್ನು ನೋಡಿ ಹಿಂದಿರುಗುವ ವಾಹನಗಳು ಸಂಜೆ ಬೆಂಗಳೂರಿನತ್ತ ಸಾಲುಗಟ್ಟಿದಾಗ ಇನ್ನೊಂದು ವ್ಯತ್ಯಾಸ ತಿಳಿಯುತ್ತದೆ. ಬಿಎಂಡಬ್ಲ್ಯು ಮತ್ತು ಆಡಿ ಎರಡರಲ್ಲಿಯೂ ಟಾರ್ಕ್ ಕನ್ವರ್ಟರ್ ಇರುವ ಎಂಟು ಗೇರಿನ ಆಟೋಮ್ಯಾಟಿಕ್ ಇದೆ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯೇ ಬಲವನ್ನು ದಾಟಿಸುವುದರಿಂದ ಆಮೆಗತಿಯಲ್ಲಿ ತೆವಳುವಾಗಲೂ ಜರ್ಕ್ ಇಲ್ಲ. ಸಿ43ರ ಒಂಬತ್ತು ಗೇರಿನ ಪೆಟ್ಟಿಗೆಯಲ್ಲಿ ಕನ್ವರ್ಟರಿನ ಜಾಗಕ್ಕೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಬಂದಿದೆ. ವೇಗವಾಗಿ ಗೇರು ಬದಲಿಸುವಾಗ ಅದರ ಚುರುಕಿಗೆ ಸಾಟಿಯಿಲ್ಲ, ಆದರೆ ಒಂದು ಅಡಿ ಮುಂದೆ ಹೋಗಿ ನಿಲ್ಲುವ ಟ್ರಾಫಿಕ್ಕಿನಲ್ಲಿ ಬಲಗಾಲನ್ನು ಸ್ವಲ್ಪ ಹದವಾಗಿ ಇಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಹಳ್ಳಿಗಳ ಬಣ್ಣ ಬಳಿಯದ ಹಂಪುಗಳ ಎದುರು ಮೂರೂ ತಲೆತಗ್ಗಿಸುವಂಥವೇ. ನೆಲಕ್ಕೆ ತಗ್ಗಾಗಿ ಕುಳಿತ ಕಾರುಗಳಾದ್ದರಿಂದ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವುದು ಕ್ಷೇಮ. ಗೌರಿಬಿದನೂರು ರಸ್ತೆಯ ತೇಪೆ ಹಾಕಿದ ಭಾಗಗಳಲ್ಲಿ ಆಡಿ ಎಲ್ಲಕ್ಕಿಂತ ಮೆತ್ತಗೆ ನಡೆಯಿತು. ಹಿಂದಿನ ಸೀಟಿನ ಮಟ್ಟಿಗೆ ಅಕ್ಕನ ತೀರ್ಪೇ ಕೊನೆಯದು, ಏಕೆಂದರೆ ಅಲ್ಲಿ ಕೂರುವವರು ಅವರೂ ಅವರ ಅತ್ತೆಯವರೂ. ಚೌಕಟ್ಟಿಲ್ಲದ ಗಾಜಿನ ಬಾಗಿಲುಗಳಿರುವ ಎಸ್5 ನೋಡಲು ಬಹಳ ಚೆಂದ, ಹಿಂದಿನ ಗಾಜಿನ ಸಮೇತ ಮೇಲೇಳುವ ಅದರ ಡಿಕ್ಕಿಯಲ್ಲಿ ಮದುವೆಯ ಸಾಮಾನು ತುಂಬುವಷ್ಟು ಬಾಯಿ ಅಗಲವಿದೆ. ಆದರೆ ಇಳಿಜಾರಾದ ಮಾಡಿನ ಕೆಳಗೆ ವಯಸ್ಸಾದವರು ತಲೆ ಬಗ್ಗಿಸಿ ನುಸುಳಬೇಕು. ಭಾರತದಲ್ಲಿ ಮಾರಾಟವಾಗುವ ಬಿಎಂಡಬ್ಲ್ಯು 3 ಸೀರೀಸಿನ (ಎಂ340ಐ ಸೇರಿರುವ ಸರಣಿ) ಉದ್ದನೆಯ ಮಾದರಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್ 2,961 ಮಿ.ಮೀ., ಎಂ340ಐಯದ್ದು 2,851 ಮಿ.ಮೀ.; ಆ 110 ಮಿ.ಮೀ. ಕೊರತೆ ನೇರವಾಗಿ ಮೊಣಕಾಲಿಗೆ ತಗಲುತ್ತದೆ. ಮೂರರಲ್ಲಿ ಸಿ43 ಹಿಂದಿನವರಿಗೆ ತುಸು ವಾಸಿ ಎಂದರು ಅಕ್ಕ, ಆದರೆ ಸೀಟಿನ ಗಡಸುತನದ ಬಗ್ಗೆ ತಕರಾರು ಎತ್ತಿದರು.

ಒಳಗಿನ ಪರದೆಗಳ ವೈಭವವನ್ನು ಬೇಗ ಮುಗಿಸುತ್ತೇನೆ. ಬಿಎಂಡಬ್ಲ್ಯುವಿನಲ್ಲಿ 12.3 ಮತ್ತು 14.9 ಇಂಚಿನ ಎರಡು ಪರದೆಗಳು ಒಂದೇ ಬಾಗಿದ ಗಾಜಿನಡಿ ಇವೆ, ಮರ್ಸಿಡಿಸ್‌ನಲ್ಲಿ 11.9 ಇಂಚಿನ ಪರದೆ ನೆಟ್ಟಗೆ ನಿಂತಿದೆ, ಆಡಿಯದು 10.1 ಇಂಚು. ಎಲ್ಲಕ್ಕಿಂತ ಹಳೆಯದಾಗಿ ಕಾಣುವ ಆಡಿಯಲ್ಲಿ ಮಾತ್ರ ಎಸಿಗೆ ಕೈಯಲ್ಲಿ ತಿರುಗಿಸುವ ಗುಂಡಿಗಳು ಉಳಿದಿವೆ, ರಸ್ತೆಯಿಂದ ಕಣ್ಣು ತೆಗೆಯದೆ ತಣ್ಣಗೆ ಮಾಡಿಕೊಳ್ಳಬಹುದು. ಘಾಟಿಯ ರಸ್ತೆಯಲ್ಲಿ ಇದು ಸಣ್ಣ ಸೌಕರ್ಯವಲ್ಲ.

ಉಳಿದದ್ದು ಹಣ. ಎಂ340ಐ ಚೆನ್ನೈನಲ್ಲಿ ಜೋಡಣೆಯಾಗುತ್ತದೆ. 2022ರ ಡಿಸೆಂಬರಿನಲ್ಲಿ ಪರಿಷ್ಕೃತ ರೂಪದಲ್ಲಿ ಬಂದಾಗ ಅದರ ಎಕ್ಸ್‌ಶೋರೂಂ ಬೆಲೆ 69.20 ಲಕ್ಷ ರೂಪಾಯಿ. ಪೂರ್ಣವಾಗಿ ಆಮದಾಗಿ ಬಂದ ಎಸ್5ಗೆ 2021ರ ಮಾರ್ಚಿನಲ್ಲಿ 79.06 ಲಕ್ಷ, ಸಿ43ಗೆ 2023ರ ನವೆಂಬರಿನಲ್ಲಿ 98 ಲಕ್ಷ ಇಟ್ಟಿದ್ದರು. ಈಗಿನ ದರವನ್ನು ಶೋರೂಮಿನಲ್ಲಿ ವಿಚಾರಿಸಿಯೇ ಮುಂದುವರಿಯಬೇಕು, ಆದರೆ ಅಂತರದ ಅಳತೆ ಇದರಿಂದ ಸಿಗುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಬಿಡುಗಡೆಯ ಬೆಲೆಗಳನ್ನೇ ಹಿಡಿದರೂ, ಸೆಸ್ ಬಿಟ್ಟು, ಎಂ340ಐಗೆ ಸುಮಾರು 12.46 ಲಕ್ಷ ಮತ್ತು ಸಿ43ಗೆ 17.64 ಲಕ್ಷ ತೆರಿಗೆಯೇ ಆಗುತ್ತದೆ. ಕೆಎ-40 ಎಂಬ ನಂಬರು ಬೀಳುವ ಮೊದಲೇ ಐದು ಲಕ್ಷಕ್ಕೂ ಮೀರಿದ ಹೆಚ್ಚುವರಿ ಖರ್ಚು. ಎಸ್5 ವಿಷಯದಲ್ಲಿ ಇನ್ನೊಂದು ಎಣಿಕೆಯಿದೆ: ಇದರ ಉತ್ತರಾಧಿಕಾರಿಯನ್ನು ಆಡಿ 2024ರಲ್ಲಿಯೇ ಜಗತ್ತಿಗೆ ತೋರಿಸಿದೆ, ಆದ್ದರಿಂದ ಈ ಮಾದರಿಯನ್ನು ಕೊಳ್ಳುವವರು ಸೆಕೆಂಡ್ ಹ್ಯಾಂಡ್ ಬೆಲೆಯನ್ನು ಮನಸ್ಸಿನಲ್ಲಿಟ್ಟು ಚೌಕಾಸಿ ಮಾಡಬೇಕು.

ನನ್ನ ಆಯ್ಕೆ ಎಂ340ಐ, ಅದರಲ್ಲಿ ನನಗೆ ಅನುಮಾನವಿಲ್ಲ. ಚೌಕಾಸಿಯಲ್ಲಿ ಒಳ್ಳೆಯ ದರ ಕುದುರಿದರೆ, ಹಿಂದಿನ ಸೀಟಿನಲ್ಲಿ ಹಿರಿಯರು ಅಪರೂಪಕ್ಕೆ ಕೂರುವ ಮನೆಗೆ ಎಸ್5 ಒಗ್ಗುತ್ತದೆ. ಸಿ43ರ ತಂತ್ರಜ್ಞಾನವನ್ನು ನಾನು ಮೂರರಲ್ಲಿ ಅತಿ ಹೆಚ್ಚು ಮೆಚ್ಚಿಕೊಂಡೆ. ಅದರ ಐದು ಸಾವಿರ ಆರ್‌ಪಿಎಂಗೆ ಆಗಾಗ ರೇಸ್ ಟ್ರ್ಯಾಕಿನ ದಾರಿ ತೋರಿಸಬಲ್ಲವರು ಅದನ್ನು ಕೊಳ್ಳಲಿ. ಭಾವನವರು ಬಿಎಂಡಬ್ಲ್ಯುವಿಗೆ ಮುಂಗಡ ಕೊಡಲು ಒಪ್ಪಿದ್ದಾರೆ, ಬಣ್ಣದ ವಿಷಯದಲ್ಲಿ ಅಕ್ಕನ ಒಪ್ಪಿಗೆ ಇನ್ನೂ ಬಾಕಿಯಿದೆ.