ಹಲ್ಲುಸೆಟ್‌ನ ಆಕ್ಲೂಸಲ್ ಪ್ಲೇನ್: ಕಿವಿ-ಮೂಗಿನ ಗೆರೆಯೋ, ರೆಟ್ರೋಮೋಲಾರ್ ಪ್ಯಾಡೋ?

ಹಲ್ಲುಸೆಟ್‌ನ ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ಸಮತಲವೇ ಆಕ್ಲೂಸಲ್ ಪ್ಲೇನ್. ಅದರ ಮುಂಭಾಗದ ಬಗ್ಗೆ ತಕರಾರಿಲ್ಲ: ಮೇಣದ ರಿಮ್ (ಹಲ್ಲು ಜೋಡಿಸುವ ಮೊದಲು ಅವುಗಳ ಜಾಗದಲ್ಲಿಡುವ ಮೇಣದ ಪಟ್ಟಿ) ಕಣ್ಣಿನ ಪಾಪೆಗಳನ್ನು ಸೇರಿಸುವ ಗೆರೆಗೆ ಸಮಾನಾಂತರವಾಗಿರಬೇಕು, ತುಟಿ ಸಡಿಲವಾಗಿದ್ದಾಗ ಸಾಮಾನ್ಯವಾಗಿ 1–2 ಮಿ.ಮೀ. ಕಾಣಬೇಕು. ಗೊಂದಲವೆಲ್ಲ ಹಿಂಭಾಗದ್ದು.

ಮೂಗಿನ ಹೊಳ್ಳೆಯಿಂದ ಕಿವಿಯ ಟ್ರೇಗಸ್‌ಗೆ (ಕಿವಿರಂಧ್ರದ ಮುಂದಿನ ಪುಟ್ಟ ಉಬ್ಬು) ಎಳೆಯುವ ಕ್ಯಾಂಪರ್ ಗೆರೆ ಕಲಿಯಲು ಸುಲಭ. ಫಾಕ್ಸ್ ಪ್ಲೇನ್ (ರಿಮ್‌ಗೆ ತಾಗಿಸಿ ಹಿಡಿಯುವ ಚಪ್ಪಟೆ ಸಾಧನ) ಹಿಡಿದು ಪಕ್ಕದಿಂದ ನೋಡಿದರೆ ಓರೆ ತಕ್ಷಣ ಗೊತ್ತಾಗುತ್ತದೆ. ಆದರೆ ಟ್ರೇಗಸ್‌ನ ಮೇಲಂಚೋ, ನಡುವೋ, ಕೆಳಗೋ? ಇದರಲ್ಲೇ ಒಮ್ಮತವಿಲ್ಲ. ಬಿಂದು ಬದಲಾದರೆ ಓರೆಯೂ ಬದಲಾಗುತ್ತದೆ. ಎರಡೂ ಕಿವಿ ಒಂದೇ ಎತ್ತರದಲ್ಲಿರುತ್ತವೆ ಎಂಬ ಭರವಸೆಯೂ ಇಲ್ಲ.

ರೆಟ್ರೋಮೋಲಾರ್ ಪ್ಯಾಡ್ ಕೆಳದವಡೆಯ ಹಿಂತುದಿಯ ಮೆತ್ತನೆಯ ದಿಬ್ಬ. ಹಲ್ಲು ಹೋಗಿ ಮೂಳೆ ಸವೆದರೂ ಅದು ಹೆಚ್ಚು ಬದಲಾಗುವುದಿಲ್ಲ. ಅಚ್ಚಿನಲ್ಲೂ ಸಿಗುವುದರಿಂದ ಲ್ಯಾಬ್‌ನವರಿಗೆ ಅನುಕೂಲ. ಸಮತಲವನ್ನು ಅದರ ಎತ್ತರದ ಮೂರನೇ ಎರಡು ಭಾಗಕ್ಕಿಂತ ಮೇಲೇರಿಸಬೇಡಿ. ಏರಿದರೆ ಕೆಳಸೆಟ್ ಅಲುಗಾಡುತ್ತದೆ, ನಾಲಿಗೆಗೆ ತುತ್ತನ್ನು ಹಲ್ಲಿನ ಮೇಲೆ ತರಲಾಗದೆ ಅನ್ನ ಕೆನ್ನೆಯಲ್ಲೇ ಉಳಿಯುತ್ತದೆ. ತೀರಾ ಇಳಿದರೆ ನಾಲಿಗೆ ಹಲ್ಲಿನ ಮೇಲೆ ಹರಡಿ ಕಚ್ಚಿಸಿಕೊಳ್ಳುತ್ತದೆ. ಅಚ್ಚು ತೆಗೆಯುವಾಗ ಪ್ಯಾಡ್ ಅಮುಕಿಹೋದರೆ ಮಾತ್ರ ಅಳತೆಯನ್ನು ನಂಬಲಾಗದು.

ಸವೆದ ದವಡೆಗೆ ನನ್ನ ಆಯ್ಕೆ ಪ್ಯಾಡ್. ಗೆರೆಯಿಂದ ಓರೆ ಹೊಂದಿಸಿ, ಪ್ಯಾಡ್‌ನಿಂದ ಎತ್ತರ ಪರೀಕ್ಷಿಸಿ. ಎರಡೂ ಹೊಂದದಿದ್ದರೆ ನಾಲಿಗೆಯ ಪಕ್ಕದ ಅಂಚು ಎಲ್ಲಿ ನಿಂತಿದೆ ಎಂದು ನೋಡಿ.