ಸ್ಟೀಮ್ ಡೆಕ್ ರಿಕವರಿ: ಎರಡು ಸಲ ಕೆಡಿಸಿ, ಒಂದು ಸಲ ಸರಿಮಾಡಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಸ್ಟೀಮ್ ಡೆಕ್, ಅಂದರೆ ಕೈಯಲ್ಲಿ ಹಿಡಿದು ಗೇಮ್ ಆಡುವ ವಾಲ್ವ್ ಕಂಪನಿಯ ಯಂತ್ರ, ತಾನಾಗಿ ಕೆಟ್ಟಿದ್ದಲ್ಲ. ನನ್ನ ಹತ್ತಿರ ಇರುವುದು 2022ರಲ್ಲಿ ಬಂದ ಮೊದಲ ಮಾಡೆಲ್, 256 ಜಿಬಿಯದು. ಅದರಲ್ಲಿ ಗೇಮ್ ಆಡುವುದು ನನಗಿಂತ ಜಾಸ್ತಿ ಅಕ್ಕನ ಮಗ. ನನಗೆ ಆಡುವುದಕ್ಕಿಂತ ಕೆದಕುವುದರಲ್ಲೇ ಖುಷಿ.

ಕೆದಕಿದ್ದು ಹೀಗೆ. ಇದರಲ್ಲಿರುವ ಆಪರೇಟಿಂಗ್ ಸಿಸ್ಟಮ್ ಸ್ಟೀಮ್‌ಓಎಸ್, ಅದಕ್ಕೆ ಬುನಾದಿ ಆರ್ಚ್ ಲಿನಕ್ಸ್. ಡೆಸ್ಕ್‌ಟಾಪ್ ಮೋಡ್‌ಗೆ ಹೋದರೆ ಮಾಮೂಲಿ ಕಂಪ್ಯೂಟರ್ ಥರ ಇರುತ್ತದೆ. ಆದರೆ ಸಿಸ್ಟಮ್ ಫೈಲ್‌ಗಳಿರುವ ಭಾಗಕ್ಕೆ ಬೀಗ ಇದೆ. ಓದಬಹುದು, ಬರೆಯುವಂತಿಲ್ಲ. ಆ ಬೀಗ ತೆಗೆಯಲು ಒಂದು ಕಮಾಂಡ್ ಸಾಕು. ತೆಗೆದೆ. ಒಂದಷ್ಟು ಪ್ಯಾಕೇಜ್‌ಗಳನ್ನು ಅಪ್‌ಡೇಟ್ ಮಾಡಲು ಪ್ಯಾಕ್‌ಮ್ಯಾನ್‌ಗೆ (ಆರ್ಚ್‌ನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ರೋಗ್ರಾಂ) ಹೇಳಿ ಎದ್ದು ಹೋದೆ. ಚಾರ್ಜರ್ ಹಾಕಿರಲಿಲ್ಲ. ವಾಪಸ್ ಬಂದಾಗ ಬ್ಯಾಟರಿ ಖಾಲಿ, ಕೆಲಸ ಅರ್ಧಕ್ಕೆ ನಿಂತಿತ್ತು. ಮತ್ತೆ ಆನ್ ಮಾಡಿದರೆ ಲೋಗೋ ಬರುತ್ತದೆ, ಆಮೇಲೆ ಬರೀ ಕಪ್ಪು.

ಇಲ್ಲಿ ಈ ಯಂತ್ರ ಮಾಡಿದವರಿಗೆ ಮೊದಲ ಶಹಬ್ಬಾಸ್. ಡೆಕ್‌ನಲ್ಲಿ ಸಿಸ್ಟಮ್‌ಗೆ ಒಂದಲ್ಲ, ಎರಡು ಜಾಗ ಇಟ್ಟಿದ್ದಾರೆ, ಎ ಮತ್ತು ಬಿ. ಒಂದರಲ್ಲಿ ನೀವು ಓಡಾಡುತ್ತಿರುವಾಗ ಹೊಸ ಅಪ್‌ಡೇಟ್ ಇನ್ನೊಂದರಲ್ಲಿ ಕೂರುತ್ತದೆ. ಹಾಗಾಗಿ ಹಳೆಯದು ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಯಂತ್ರ ಆಫ್ ಇರುವಾಗ ಮೂರು ಚುಕ್ಕಿಯ ಬಟನ್ ಒತ್ತಿ ಹಿಡಿದು ಪವರ್ ಒತ್ತಿದರೆ ಯಾವ ಸಿಸ್ಟಮ್ ಬೇಕು ಅಂತ ಕೇಳುತ್ತದೆ. ಹಿಂದಿನದನ್ನು ಆರಿಸಿದೆ. ಎರಡು ನಿಮಿಷದಲ್ಲಿ ಎಲ್ಲ ಮೊದಲಿನ ಹಾಗೆ! ಪೆನ್‌ಡ್ರೈವ್ ಬೇಡ, ಡೌನ್‌ಲೋಡ್ ಬೇಡ.

ಬುದ್ಧಿ ಇದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಅದೇ ಕಲ್ಲಿಗೆ ಮತ್ತೆ ಎಡವಿದೆ. ಈ ಸಲ ಚಾರ್ಜರ್ ಹಾಕಿಕೊಂಡೇ ಕೂತೆ, ಪೂರ್ತಿ ಅಪ್‌ಡೇಟ್ ಮಾಡಲು ಹೊರಟೆ. ಜಾಗ ಸಾಲುತ್ತಿಲ್ಲ ಅಂತ ಉತ್ತರ ಬಂತು. ಸಿಸ್ಟಮ್‌ಗೆ ಕೊಟ್ಟಿರುವುದು ತಲಾ 5 ಜಿಬಿ ಮಾತ್ರ. ಸರಿ, ಬೇಡ ಅನಿಸಿದ್ದನ್ನೆಲ್ಲ ಕಿತ್ತುಹಾಕಿದೆ. ಕಿತ್ತಿದ್ದರಲ್ಲಿ ಬೇಕಾದದ್ದೂ ಇತ್ತು. ಈಗ ಎ ಕೂಡ ಇಲ್ಲ, ಬಿ ಕೂಡ ಇಲ್ಲ.

"ಮಾಮ, ನನ್ನ ಸೇವ್ ಹೋಯ್ತಾ?" ಅಂತ ಅಕ್ಕನ ಮಗ ಕೇಳಿದಾಗ ನಿಜಕ್ಕೂ ಬೆವರಿತು. ಸೇವ್ ಅಂದರೆ ಗೇಮ್ ಎಲ್ಲಿಯವರೆಗೆ ಆಡಿದ್ದಾನೆ ಅನ್ನುವ ದಾಖಲೆ. ವಾಲ್ವ್‌ನ ಆನ್‌ಲೈನ್ ಅಂಗಡಿ ಸ್ಟೀಮ್‌ನಿಂದ ಕೊಂಡ ಗೇಮ್‌ಗಳ ಸೇವ್ ಬಹಳಷ್ಟು ಸಲ ಸ್ಟೀಮ್ ಕ್ಲೌಡ್‌ನಲ್ಲಿ ಇರುತ್ತದೆ. ಆದರೆ ಎಲ್ಲ ಗೇಮ್‌ಗೂ ಕ್ಲೌಡ್ ಇಲ್ಲ. ಅವನು ಆಡುತ್ತಿದ್ದದ್ದು ಹೊರಗಿನಿಂದ ತಂದು ಸೇರಿಸಿದ ಗೇಮ್. ಅದರ ಸೇವ್ ಇರುವುದು ಈ ಯಂತ್ರದಲ್ಲಿ ಮಾತ್ರ.

ಇನ್ನು ರಿಕವರಿಯ ವಿಷಯ. ವಾಲ್ವ್‌ನವರೇ ಇದಕ್ಕೊಂದು ಇಮೇಜ್ ಫೈಲ್ (ಇಡೀ ಸಿಸ್ಟಮ್‌ನ ಪ್ರತಿ ಇರುವ ಒಂದೇ ಫೈಲ್) ಪುಕ್ಕಟೆ ಕೊಡುತ್ತಾರೆ. ಅವರ ಸಪೋರ್ಟ್ ಪುಟದಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆ ಸಿಕ್ಕಿದ್ದನ್ನು ಮುಟ್ಟಬೇಡಿ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಬರೆಯುವುದಕ್ಕೆ ವಿಂಡೋಸ್ ಆದರೆ ರೂಫಸ್, ಮ್ಯಾಕ್ ಅಥವಾ ಲಿನಕ್ಸ್ ಆದರೆ ಎಚರ್. ಫೈಲನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದರಿಂದ ಯಂತ್ರ ಬೂಟ್ ಆಗುವುದಿಲ್ಲ, ಅಂದರೆ ಶುರುವಾಗುವುದಿಲ್ಲ. ನಾನು ಎಚರ್ ಬಳಸಿದೆ. ಬರೆದು ಮುಗಿಸಿದ ಮೇಲೆ ಸರಿಯಾಗಿ ಕೂತಿದೆಯಾ ಅಂತ ಅದೇ ಒಮ್ಮೆ ಓದಿ ನೋಡುತ್ತದೆ. ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ಪೆನ್‌ಡ್ರೈವ್ ಆ ಪರೀಕ್ಷೆಯಲ್ಲೇ ಫೇಲ್. ಪರೀಕ್ಷೆ ಇಲ್ಲದಿದ್ದರೆ ಅರ್ಧಂಬರ್ಧ ಇಮೇಜ್ ಹಿಡಿದುಕೊಂಡು ಡೆಕ್ ಅನ್ನೇ ಬೈಯುತ್ತಿದ್ದೆ. ಹೊಸ 16 ಜಿಬಿಯದು ತಂದ ಮೇಲೆ ಕೆಲಸ ಆಯಿತು.

ಇನ್ನೊಂದು ತೊಡಕು. ಡೆಕ್‌ಗೆ ಇರುವುದು ಒಂದೇ ಟೈಪ್-ಸಿ ಕಿಂಡಿ. ಪೆನ್‌ಡ್ರೈವ್ ಹಾಕಿದರೆ ಚಾರ್ಜರ್‌ಗೆ ಜಾಗ ಇಲ್ಲ. ಚಾರ್ಜ್ ಕೂಡ ಆಗುವಂಥ ಹಬ್ (ಒಂದು ಕಿಂಡಿಯನ್ನು ಹಲವು ಮಾಡುವ ಪೆಟ್ಟಿಗೆ) ಇದ್ದರೆ ಒಳ್ಳೆಯದು. ಇಲ್ಲವಾದರೆ ಮೊದಲು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಬ್ಯಾಟರಿ ಪಾಠ ನನಗಂತೂ ಒಂದು ಸಲ ಆಗಿತ್ತು. ಮೈಕ್ರೋ ಎಸ್‌ಡಿ ಕಾರ್ಡ್ ಇದ್ದರೆ ಹೊರಗೆ ತೆಗೆದಿಡಿ. ಅದಕ್ಕೆ ಏನೂ ಆಗಬೇಕಿಲ್ಲ, ಆದರೆ ಗಾಬರಿಯಲ್ಲಿ ಕೈ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಯಂತ್ರ ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಕಡಿಮೆ ಮಾಡುವ ಬಟನ್ ಹಿಡಿದುಕೊಂಡು ಪವರ್ ಒತ್ತಬೇಕು. ಟಿಣ್ ಅಂತ ಸದ್ದು ಬಂದಾಗ ವಾಲ್ಯೂಮ್ ಬಟನ್ ಬಿಡಿ. ಬೂಟ್ ಪಟ್ಟಿ ಬರುತ್ತದೆ, ಅದರಲ್ಲಿ ಯುಎಸ್‌ಬಿ ಆರಿಸಿ. ಅದಾದ ಮೇಲೆ ಪರದೆ ಕಪ್ಪಾಗುತ್ತದೆ. ಕಪ್ಪು ಪರದೆ ನೋಡಿ ನೋಡಿ ಹೆದರಿದ್ದ ನಾನು ಪೆನ್‌ಡ್ರೈವ್ ಕೀಳಲು ಕೈ ಹಾಕಿದ್ದೆ. ಕಾಯಿರಿ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಬರುತ್ತದೆ. ಬಲಗಡೆಯ ಟ್ರ್ಯಾಕ್‌ಪ್ಯಾಡ್ ಮೌಸ್ ಥರ ಕೆಲಸ ಮಾಡುತ್ತದೆ, ಹಿಂಬದಿಯ ಆರ್2 ಬಟನ್ ಒತ್ತಿದರೆ ಕ್ಲಿಕ್.

ನನಗೆ ಸಿಕ್ಕ ಇಮೇಜ್‌ನಲ್ಲಿ ನಾಲ್ಕು ಐಕಾನ್ ಇದ್ದವು. 'ರೀ-ಇಮೇಜ್' ಅಂದರೆ ಎಲ್ಲ ಒರೆಸಿ, ಹೊಸ ಯಂತ್ರದ ಹಾಗೆ ಮಾಡುತ್ತದೆ. 'ಕ್ಲಿಯರ್ ಲೋಕಲ್ ಯೂಸರ್ ಡೇಟಾ' ಸಿಸ್ಟಮ್ ಬಿಟ್ಟು ನಿಮ್ಮ ಗೇಮ್, ಫೈಲ್‌ಗಳನ್ನು ಅಳಿಸುತ್ತದೆ. 'ರೀಇನ್‌ಸ್ಟಾಲ್ ಸ್ಟೀಮ್‌ಓಎಸ್' ಇದಕ್ಕೆ ಉಲ್ಟಾ: ಸಿಸ್ಟಮ್ ಹೊಸದಾಗಿ ಹಾಕಿ, ನಿಮ್ಮದನ್ನು ಉಳಿಸಲು ನೋಡುತ್ತದೆ. ಕೊನೆಯದು 'ರಿಕವರಿ ಟೂಲ್ಸ್', ಕಮಾಂಡ್ ಗೊತ್ತಿದ್ದವರಿಗೆ. ನನ್ನಂಥವರಿಗೆ ಬೇಕಾಗುವುದು ಮೂರನೆಯದು. ಮೊದಲನೆಯದರ ಮೇಲೆ ಒಮ್ಮೆ ಕ್ಲಿಕ್ ಬಿದ್ದೇಬಿಟ್ಟಿತು. ಮುಂದುವರಿಯಲೇ ಅಂತ ಕೇಳಿದ್ದರಿಂದ ಬಚಾವಾದೆ. ಉಳಿಸುವ ಐಕಾನ್, ಒರೆಸುವ ಐಕಾನ್ ಅಷ್ಟು ಹತ್ತಿರ ಇಡದಿದ್ದರೆ ಚೆನ್ನಾಗಿತ್ತು. ಅರ್ಧ ಅಂಕ ಇಲ್ಲೇ ಕಳೆಯುತ್ತೇನೆ.

'ಉಳಿಸಲು ನೋಡುತ್ತದೆ' ಅನ್ನುವ ಮಾತನ್ನು ನಂಬಿ ಕೂರುವ ಧೈರ್ಯ ನನಗಿರಲಿಲ್ಲ. ಈ ರಿಕವರಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ: ಅದು ಬರೀ ಮೆನು ಅಲ್ಲ, ಪೂರ್ತಿ ಡೆಸ್ಕ್‌ಟಾಪ್. ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲೇ ಒಳಗಿನ ಡಿಸ್ಕ್ ತೆರೆದು ಬೇಕಾದದ್ದನ್ನು ಎತ್ತಿಕೊಳ್ಳಬಹುದು. ಡೆಕ್‌ನ ಡಿಸ್ಕ್‌ನಲ್ಲಿ 8 ಪಾರ್ಟಿಷನ್, ಅಂದರೆ ಭಾಗಗಳು, ಇರುತ್ತವೆ. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಹೋಮ್. ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅದನ್ನು ಮೌಂಟ್ ಮಾಡಿದೆ, ಅಂದರೆ ಒಳಗಿನ ಫೈಲ್‌ಗಳು ಸಿಗುವಂತೆ ತೆರೆದೆ. ಹೊರಗಿನಿಂದ ಸೇರಿಸಿದ ವಿಂಡೋಸ್ ಗೇಮ್‌ಗಳ ಸೇವ್ ಸಾಮಾನ್ಯವಾಗಿ ಸ್ಟೀಮ್‌ನ 'ಕಂಪಾಟ್‌ಡೇಟಾ' ಫೋಲ್ಡರ್‌ನಲ್ಲಿ ಇರುತ್ತದೆ. ಆದರೆ ಅಲ್ಲಿ ಗೇಮ್‌ನ ಹೆಸರಿಲ್ಲ, ಉದ್ದುದ್ದ ಸಂಖ್ಯೆಗಳು ಮಾತ್ರ. ಯಾವುದು ಯಾವುದು ಅಂತ ತಿಳಿಯದೆ ತಾರೀಖಿನ ಪ್ರಕಾರ ಜೋಡಿಸಿದೆ. ಅವನು ಕೊನೆಯ ಸಲ ಆಡಿದ್ದು ಭಾನುವಾರ ರಾತ್ರಿ. ಭಾನುವಾರದ ಫೋಲ್ಡರ್ ಒಂದೇ ಇತ್ತು. ಹಬ್‌ನಲ್ಲಿದ್ದ ಇನ್ನೊಂದು ಪೆನ್‌ಡ್ರೈವ್‌ಗೆ ಪೂರ್ತಿ ಫೋಲ್ಡರ್ ಕಾಪಿ ಮಾಡಿಕೊಂಡೆ. ಈ ಹುಡುಕಾಟಕ್ಕೇ ಒಂದು ಗಂಟೆ ಹಿಡಿಯಿತು.

ರೀಇನ್‌ಸ್ಟಾಲ್ ಅದಕ್ಕೆ ಹೋಲಿಸಿದರೆ ಏನೂ ಅಲ್ಲ. ಒಪ್ಪಿಗೆ ಕೊಟ್ಟೆ, ಟರ್ಮಿನಲ್‌ನಲ್ಲಿ ಸಾಲುಗಳು ಓಡಿದವು, ಹತ್ತು ನಿಮಿಷದೊಳಗೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ. ಲೋಗೋ ಬಂತು, ಆಮೇಲೆ ಬಣ್ಣವೂ ಬಂತು.

ಗೇಮ್‌ಗಳು ಇದ್ದ ಹಾಗೇ ಇದ್ದವು, ಮತ್ತೆ ಡೌನ್‌ಲೋಡ್ ಮಾಡಬೇಕಾಗಲಿಲ್ಲ. ಡೆಸ್ಕ್‌ಟಾಪ್ ಮೋಡ್‌ನ ಆ್ಯಪ್ ಅಂಗಡಿ ಡಿಸ್ಕವರ್‌ನಿಂದ ಹಾಕಿದ್ದ ಬ್ರೌಸರ್ ಕೂಡ ಉಳಿದಿತ್ತು. ಅಲ್ಲಿಂದ ಹಾಕಿದ ಆ್ಯಪ್‌ಗಳು (ಫ್ಲ್ಯಾಟ್‌ಪ್ಯಾಕ್‌ಗಳು) ಕೂರುವುದು ಹೋಮ್‌ನಲ್ಲೇ ಅಲ್ವಾ. ಹೋದದ್ದು ನಾನು ಬೀಗ ತೆಗೆದು ತುರುಕಿದ್ದು ಮಾತ್ರ. ಅದಕ್ಕೆ ಯಾರೂ ಅಳಲಿಲ್ಲ. ಸೇವ್ ಕೂಡ ತನ್ನ ಜಾಗದಲ್ಲೇ ಇತ್ತು. ಒಂದು ಗಂಟೆ ಕಷ್ಟಪಟ್ಟು ಮಾಡಿಕೊಂಡ ಕಾಪಿ ಬೇಕಾಗಲೇ ಇಲ್ಲ. ಆದರೂ ಇನ್ನೊಮ್ಮೆ ಮಾಡುವುದಾದರೆ ಕಾಪಿ ಇಲ್ಲದೆ ಆ ಐಕಾನ್ ಮುಟ್ಟುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮೊದಲ ಸಲ ಮಾಡುವವರು ಎರಡು ಗಂಟೆ ಬಿಡುವು ಮಾಡಿಕೊಂಡು ಕೂತರೆ ಸಾಕು. ಆ 16 ಜಿಬಿ ಪೆನ್‌ಡ್ರೈವ್ ಅಳಿಸದೆ ಡೆಕ್‌ನ ಚೀಲದಲ್ಲೇ ಇಟ್ಟಿದ್ದೇನೆ. ಅಕ್ಕನ ಮಗ ಅದಕ್ಕೊಂದು ಚೀಟಿ ಅಂಟಿಸಿದ್ದಾನೆ: 'ಮಾಮ ಎಡವಟ್ಟು ಮಾಡಿದಾಗ'.