ಆ ಕೂಗಿಗೆ ಗ್ರೈಂಡರ್ ನಿಲ್ಲಿಸಿದೆ: ‘ಜಾಜ್ ಅಟ್ ಮ್ಯಾಸಿ ಹಾಲ್’

ಸ್ಯಾಕ್ಸೋಫೋನ್ ಅಂದರೆ ನನಗೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥ್. ಮಂಗಳೂರಿನವಳು ನಾನು, ಆ ನಾದ ಕೇಳುತ್ತಲೇ ಬೆಳೆದೆ. ಹಾಗಾಗಿ ಅಮೆರಿಕದ ಜಾಜ್ ವಾದಕ ಚಾರ್ಲಿ ಪಾರ್ಕರ್ ಅವರನ್ನು ಮೊದಲ ಸಲ ಕೇಳಿದಾಗ ತಬ್ಬಿಬ್ಬಾದೆ. ಅದೇ ಆಲ್ಟೊ ಸ್ಯಾಕ್ಸೋಫೋನ್. ಆದರೆ ಇಲ್ಲಿ ಸ್ವರಗಳು ಹಂಚಿನ ಮೇಲೆ ಬೀಳುವ ಆಷಾಢದ ಮಳೆಯ ಹಾಗೆ, ಉಸಿರಾಡಲೂ ಬಿಡುವುದಿಲ್ಲ.

‘ಜಾಜ್ ಅಟ್ ಮ್ಯಾಸಿ ಹಾಲ್’ ಅವರ ಒಂದು ಕಛೇರಿಯ ರೆಕಾರ್ಡು. ಆ ಕಛೇರಿ ನಡೆದದ್ದು 1953ರ ಮೇ 15ರಂದು, ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ. ಪಾರ್ಕರ್ ಜೊತೆಗೆ ಟ್ರಂಪೆಟ್ ಡಿಜ್ಜಿ ಗಿಲೆಸ್ಪಿ, ಪಿಯಾನೊ ಬಡ್ ಪವೆಲ್, ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಚಾರ್ಲ್ಸ್ ಮಿಂಗಸ್, ಡ್ರಮ್ಸ್ ಮ್ಯಾಕ್ಸ್ ರೋಚ್. ಇಂಥ ಐದು ಜನ ಒಂದೇ ವೇದಿಕೆಯಲ್ಲಿ! ಆದರೂ ಹಾಲ್ ತುಂಬಲಿಲ್ಲ. ಅದೇ ರಾತ್ರಿ ಶಿಕಾಗೊದಲ್ಲಿ ಮಾರ್ಸಿಯಾನೊ ಮತ್ತು ವಾಲ್ಕಾಟ್ ನಡುವೆ ಬಾಕ್ಸಿಂಗ್ ಪಂದ್ಯ ಇತ್ತು. ಪಾರ್ಕರ್ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್. ಬೇರೆ ಕಂಪನಿಯ ಜೊತೆ ಕರಾರು ಇದ್ದದ್ದರಿಂದ ರೆಕಾರ್ಡಿನ ಮೇಲೆ ಅವರ ಹೆಸರನ್ನೂ ಹಾಕುವಂತಿರಲಿಲ್ಲ, ‘ಚಾರ್ಲಿ ಚಾನ್’ ಅಂತ ಹಾಕಿದರು.

ನಾನು ಮೊದಲು ಕೇಳಿದ್ದು ದೋಸೆ ಹಿಟ್ಟು ರುಬ್ಬುತ್ತಾ. ‘ಸಾಲ್ಟ್ ಪೀನಟ್ಸ್’ ಬಂತು. ಸಭೆಯಲ್ಲಿ ಸ್ವಾಗತ ಭಾಷಣ ಮಾಡುವವರ ಹಾಗೆ ಪಾರ್ಕರ್ ಬಹಳ ಗಂಭೀರವಾಗಿ ಗಿಲೆಸ್ಪಿಯವರ ಈ ಹಾಡನ್ನು ಪರಿಚಯಿಸುತ್ತಾರೆ. ಆಮೇಲೆ ಪಾರ್ಕರ್ ಅವರ ಸರದಿ. ಅವರು ಊದಲು ಶುರು ಮಾಡಿದರೂ ಗಿಲೆಸ್ಪಿ ಸುಮ್ನಿರುವುದಿಲ್ಲ, ಹಿಂದಿನಿಂದ ‘ಸಾಲ್ಟ್ ಪೀನಟ್ಸ್, ಸಾಲ್ಟ್ ಪೀನಟ್ಸ್’ ಅಂತ ಕೂಗುತ್ತಾರೆ. ಪಾರ್ಕರ್ ಆ ಕೂಗಿಗೇ ಉತ್ತರ ಕೊಡುವವರ ಹಾಗೆ ಚಿಕ್ಕದೊಂದು ತುಣುಕನ್ನು ಮತ್ತೆ ಮತ್ತೆ ಚುಚ್ಚಿ ನುಡಿಸಿ, ಅಲ್ಲಿಂದ ಓಟ ಕೀಳುತ್ತಾರೆ. ಗ್ರೈಂಡರ್ ಆಫ್ ಮಾಡಿ, ಹಿಟ್ಟಿನ ಕೈಯಲ್ಲೇ ನಿಂತು ಕೇಳಿದೆ. ಅದು ಜಗಳವೋ ಸಲಿಗೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು ಅಲ್ವಾ? ತನಿ ಆವರ್ತನದಲ್ಲಿ ಮೃದಂಗ, ಘಟ ಒಂದನ್ನೊಂದು ಕೆಣಕುವುದನ್ನು ಕೇಳಿದವರಿಗೆ ಈ ಸುಖ ಹೊಸದಲ್ಲ.

ರೆಕಾರ್ಡಿಂಗ್ ಮಾತ್ರ ಅಷ್ಟು ಚೆನ್ನಾಗಿಲ್ಲ. ಟೇಪಿನಲ್ಲಿ ಬಾಸ್ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಮಿಂಗಸ್ ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಸೇರಿಸಿದರು. ನನ್ನ ಕಿವಿಗೆ ಅದು ಜಾಸ್ತಿಯಾಯಿತು. ಬಾಸ್ ಪಕ್ಕದಲ್ಲೇ ಕೂತ ಹಾಗೆ, ಉಳಿದವರು ದೂರದಲ್ಲಿ ನಿಂತ ಹಾಗೆ. ಸೇರಿಸದೆ ಬಿಟ್ಟ ಆವೃತ್ತಿಯೂ ಸಿಗುತ್ತದೆ. ಸದ್ದು ತೆಳು, ಆದರೂ ನಾನು ಹೆಚ್ಚಾಗಿ ಹಾಕುವುದು ಅದನ್ನೇ.

ಹೊಸಬರು ಕೊನೆಯ ‘ಎ ನೈಟ್ ಇನ್ ಟ್ಯುನೀಶಿಯಾ’ದಿಂದ ಶುರು ಮಾಡಿ. ಒಂದು ಕಡೆ ಉಳಿದವರೆಲ್ಲ ತಟ್ಟನೆ ನಿಲ್ಲುತ್ತಾರೆ, ಪಾರ್ಕರ್ ಒಬ್ಬರೇ ಕೆಲವು ಸೆಕೆಂಡು ನುಗ್ಗುತ್ತಾರೆ. ಈ ಕಛೇರಿಯಾಗಿ ಎರಡು ವರ್ಷವೂ ತುಂಬುವ ಮುಂಚೆ, 34ನೇ ವಯಸ್ಸಿಗೆ ಅವರು ತೀರಿಕೊಂಡರು. ನಾನು ಪ್ರತಿ ಸಲ ಅಷ್ಟನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳುತ್ತೇನೆ.